ಪ್ರಯಾಣ ಭತ್ಯೆ ಹೊರತುಪಡಿಸಿ

ಕೇಳಿದ್ದು ಹನ್ನೊಂದು ಲಕ್ಷ.
ಮಂಜೂರಾದದ್ದು ಎರಡು ಲಕ್ಷ ನಲವತ್ತು ಸಾವಿರ,
ಪ್ರಯಾಣ ಭತ್ಯೆ ಹೊರತುಪಡಿಸಿ.
ಪತ್ರದ ಅಂಚಿನಲ್ಲಿ ಹಸಿರು ಶಾಯಿ:
"ಮಹಿಳಾ ವೈದ್ಯರ ವೃತ್ತಿ ಸಂಕಷ್ಟ ಎಂಬುದು
ರೋಗವಲ್ಲವಾದ್ದರಿಂದ, ಇಷ್ಟು ಸಾಕೆಂದು
ಸಮಿತಿಯ ಅಭಿಪ್ರಾಯ."

ರೋಗವಲ್ಲ, ನಿಜ.
ಇಪ್ಪತ್ತಾರು ವರ್ಷ ರಾಯಚೂರಿನ ಎದೆಗಳಿಗೆ
ಕಿವಿಗೊಟ್ಟವಳು ನಾನು.
ರೂಢಿಗೆ ಜ್ವರ ಬರುವುದಿಲ್ಲ, ಗೊತ್ತು.
ನಾಲಿಗೆಯಡಿ ಎಷ್ಟು ಹೊತ್ತು ಇಟ್ಟರೂ ಪಾದರಸ
ತೊಂಬತ್ತೆಂಟೂವರೆ ದಾಟುವುದಿಲ್ಲ.

ಭಾನುವಾರ. ಕೆಂಪು ಬಸ್ಸು. ಸ್ವಂತ ದುಡ್ಡಿನ ಟಿಕೇಟು,
ತೊಡೆಯ ಮೇಲೆ ನಲವತ್ತೆರಡು ಪ್ರಶ್ನೆಗಳ ಕಟ್ಟು.
ಕಿಟಕಿ ಸರಳು ಮುಟ್ಟಿದರೆ ಬೆರಳಿಗೆ ಬೊಬ್ಬೆ.
ಪಕ್ಕದ ಸೀಟಿನ ಮುದುಕಿ ಕೇಳಿದಳು,
"ಜನಗಣತಿ ಏನಬೇ?"
ಹೌದೆಂದೆ. ಪೂರ್ತಿ ಸುಳ್ಳೂ ಅಲ್ಲ.

ದೇವದುರ್ಗ. ಅಯ್ಯಮ್ಮ ನಾಯಕ, ಅರಿವಳಿಕೆ ತಜ್ಞೆ,
ಹಾಳೆ ತಿರುವಿದಳು ಸರಸರ.
"ಉಳಿದದ್ದು ಆಮ್ಯಾಲ ಮೇಡಂ, ಮೊದಲ ಹದಿನೇಳು."
ಹದಿನೇಳು: ರಾತ್ರಿ ಪಾಳಿಯ ಕೋಣೆಗೆ ಒಳಚಿಲಕ ಇದೆಯೇ?
ಹೌದು, ಇಲ್ಲ. ಎರಡೇ ಚೌಕ ಅಚ್ಚು ಹಾಕಿಸಿದ್ದೆ.
ಅವಳು ನಡುವೆ ಮೂರನೆಯದನ್ನು ಗೀಚಿದಳು,
ಪಕ್ಕದಲ್ಲಿ ಬರೆದಳು:
"ಐತಿ. ನಾನ ಹಾಕಿಸೀನಿ. ನೂರಾ ಎಂಬತ್ತು ರೂಪಾಯಿ.
ಬಿಲ್ ಇನ್ನೂ ಪಾಸಾಗಿಲ್ಲ."
ಯಾಕೆ ಹಾಕಿಸಿದೆ ಎಂದು ನಾನು ಕೇಳಲಿಲ್ಲ.
ಆ ಪ್ರಶ್ನೆ ನಲವತ್ತೆರಡರಲ್ಲಿ ಇರಲಿಲ್ಲ.

ಸಿಂಧನೂರಿನ ಝಾನ್ಸಿ, ಕಾಲುವೆ ಕ್ಯಾಂಪಿನ ಹುಡುಗಿ, ಸರ್ಜನ್.
ಹರಿದ ಕರುಳು ಹೊಲಿದು ಹೊರಬಂದಾಗ
ಇನ್ನೂ ಕೈಗವಸು ಬಿಚ್ಚಿರಲಿಲ್ಲವಂತೆ.
ಹುಡುಗನ ಅಪ್ಪ ಎದ್ದು ನಿಂತು ಕೈಮುಗಿದು,
"ಸಿಸ್ಟರ, ಡಾಕ್ಟರ್ ಯಾವಾಗ ಬರ್ತಾರ್ರಿ?"
ಹೇಳುತ್ತ ಹೇಳುತ್ತ ಅವಳು ನಕ್ಕಳು,
ನಗು ನಿಲ್ಲಿಸಲು ನೀರು ಕುಡಿದಳು.
ಹೌದಕ್ಕೆ ಒಂದು, ಇಲ್ಲಕ್ಕೆ ಎರಡು, ಉತ್ತರಿಸದಿದ್ದರೆ ಒಂಬತ್ತು.
ನಗುವಿಗೆ ನಾನು ಸಂಖ್ಯೆ ಕೊಟ್ಟಿರಲಿಲ್ಲ.

ಹಟ್ಟಿಯಲ್ಲಿ ತಹಸೀನ್.
ಇಪ್ಪತ್ತೊಂಬತ್ತು: ಸೇವೆ ಬಿಟ್ಟಿದ್ದರೆ, ಅವಧಿ? ಕಾರಣ?
ಆರು ವರ್ಷ ಎಂದು ಬರೆದು,
ಕಾರಣದ ಗೆರೆ ಹಾಗೇ ಬಿಟ್ಟು ಚಹಾಕ್ಕೆ ಎದ್ದಳು.
ಹೊರಗೆ ಗಣಿಯ ಸೈರನ್. ಪಾಳಿ ಬದಲು.
"ಇಲ್ಲಿ ಒಂದು ಟನ್ ಕಲ್ಲು ಅರದರ
ಮೂರೋ ನಾಕೋ ಗ್ರಾಮ್ ಬಂಗಾರ ಮೇಡಂ.
ಆದರೂ ರೊಕ್ಕ ಸುರೀತಾರ.
ಯಾಕಂದರ ಕೆಳಗ ಐತಿ ಅಂತ ನಂಬ್ಯಾರ."
ಸಕ್ಕರೆ ಹೆಚ್ಚಾಗಿತ್ತು. ಪೂರ್ತಿ ಕುಡಿದೆ.

ಅಂಕಿ ತುಂಬುವ ಹುಡುಗ ಮೌನೇಶ
ಎಣಿಸಿದ, ಮತ್ತೆ ಎಣಿಸಿದ.
"ನೂರಾ ಹದಿಮೂರು ಮಂದಿ. ನೂರಾ ಹದಿನಾಕು ಫಾರಂ.
ಒಂದಕ್ಕ ಹೆಸರಿಲ್ರಿ,
ಅಕ್ಷರ ಮಾತ್ರ ನಿಮ್ಮದಿದ್ದಂಗ ಐತಿ."
ತೆಗೆದುಹಾಕು ಎಂದೆ. ನಿಯಮ ಅದು:
ಅಳೆಯುವವಳು ಅಳತೆಯೊಳಗೆ ಬರಕೂಡದು.
ಅವನು ತಲೆಯಾಡಿಸಿ ಎತ್ತಿಟ್ಟ.
ಎಲ್ಲಿಟ್ಟ, ನಾನು ನೋಡಲಿಲ್ಲ.

ಇವತ್ತು ಮಾರ್ಚ್ ಮೂವತ್ತು.
ಹಣ ವಿನಿಯೋಗದ ಪ್ರಮಾಣಪತ್ರ ಬರೆಯುತ್ತಿದ್ದೇನೆ.
ಅಚ್ಚು, ಕಾಗದ, ಮೌನೇಶನ ಕೂಲಿ.
ಉಪಕರಣ ಎಂಬ ಕಾಲಂ ಖಾಲಿ.
ಅಲ್ಲಿ ಬರೆದೆ, ದುಂಡಗೆ, ಕಾಣುವ ಹಾಗೆ:
ಒಳಚಿಲಕ, ಕಬ್ಬಿಣದ್ದು, ಒಂದು.
ದೇವದುರ್ಗ. ನೂರಾ ಎಂಬತ್ತು ರೂಪಾಯಿ.

ಆಡಿಟ್ ಆಕ್ಷೇಪಣೆ ಬರುತ್ತದೆ.
ಬರಲಿ.
ಚಿಲಕ ಯಾಕೆ ಎಂದು
ಯಾರಾದರೊಬ್ಬರು
ಬರಹದಲ್ಲಿ ಕೇಳಲಿ.